ಮಾವನ ಪ್ಲೇಟಿನಲ್ಲಿ ಇಲ್ಲದ ಮೂರು ಹಾಡು

ಪ್ರಶ್ನೆ: ನಮ್ಮ ಸೋದರಮಾವ 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಓದು ಮುಗಿಸಿ ವಾಪಸ್ ಬಂದಾಗ ಬೀಟಲ್ಸ್ ತಂಡದ 'ರಿವಾಲ್ವರ್' ಎಲ್‌ಪಿ (ಹಲವು ಹಾಡಿರುವ ದೊಡ್ಡ ಗ್ರಾಮಫೋನ್ ಪ್ಲೇಟು) ತಂದಿದ್ದರು. ಈಗ ಅದು ನನ್ನ ಕೈಗೆ ಬಂದಿದೆ. ಲೇಬಲ್ಲಿನ ಫೋಟೋ ಕಳಿಸಿದ್ದೇನೆ. ಇದರಲ್ಲಿ 11 ಹಾಡು ಇವೆ. ಫೋನಿನಲ್ಲಿ ಹುಡುಕಿದರೆ ಅದೇ ಹೆಸರಿನಲ್ಲಿ 14 ಹಾಡು ಬರುತ್ತವೆ. ನಮ್ಮದು ನಕಲಿ ಪ್ಲೇಟಾ? ಇನ್ನೊಂದು ವಿಷಯ. ಇದೆಲ್ಲ 1966ರ ಒಂದೇ ಬೇಸಿಗೆಯಲ್ಲಿ, ದೇಶ ದೇಶ ಸುತ್ತಿ ಕಾರ್ಯಕ್ರಮ ಕೊಡುತ್ತಲೇ ರೆಕಾರ್ಡ್ ಮಾಡಿದ್ದು ಅಂತ ಎಲ್ಲೋ ಓದಿದೆ. ಅದು ಹೇಗೆ ಸಾಧ್ಯ?

ಉತ್ತರ: ನಕಲಿ ಅಲ್ಲ, ಆ ಚಿಂತೆ ಬಿಡಿ. ಫೋಟೋದಲ್ಲಿ ಕ್ಯಾಪಿಟಲ್ ಕಂಪನಿಯ ಹೆಸರಿದೆ, ಎಸ್‌ಟಿ 2576 ಅನ್ನುವ ನಂಬರಿದೆ. ಅಮೆರಿಕದ 'ರಿವಾಲ್ವರ್' ಸ್ಟೀರಿಯೋ ಪ್ಲೇಟಿನ ನಂಬರು ಅದೇ. ಲೇಬಲ್ಲು ಕಿತ್ತಳೆ ಬಣ್ಣದ್ದು. ಕ್ಯಾಪಿಟಲ್‌ನವರು ಆ ಬಣ್ಣ ಬಳಸಿದ್ದು 1970ರ ದಶಕದ ಉತ್ತರಾರ್ಧದಲ್ಲಿ. ನಿಮ್ಮ ಮಾವ ಅಲ್ಲಿದ್ದ ಕಾಲಕ್ಕೆ ಸರಿಯಾಗಿ ಕೂಡಿ ಬರುತ್ತೆ. ಅಂದರೆ ಇದು 1966ರ ಮೊದಲ ಮುದ್ರಣ ಅಲ್ಲ, ಹತ್ತು ವರ್ಷದ ಮೇಲೆ ಮತ್ತೆ ಒತ್ತಿದ ಪ್ಲೇಟು. ಆದರೆ ಅಷ್ಟು ವರ್ಷ ಆದ ಮೇಲೂ ಅಮೆರಿಕದಲ್ಲಿ ಅದೇ 11 ಹಾಡುಗಳನ್ನೇ ಒತ್ತುತ್ತಿದ್ದರು. ಲಂಡನ್ನಿನಲ್ಲಿ ಮೊದಲ ದಿನದಿಂದಲೂ 14 ಹಾಡು.

ಕಾಣೆಯಾದ ಮೂರು ಹಾಡು ಇವು: 'ಐಯಾಮ್ ಓನ್ಲಿ ಸ್ಲೀಪಿಂಗ್', 'ಆಂಡ್ ಯುವರ್ ಬರ್ಡ್ ಕ್ಯಾನ್ ಸಿಂಗ್', 'ಡಾಕ್ಟರ್ ರಾಬರ್ಟ್'. ಮೂರೂ ತಂಡದ ನಾಲ್ವರಲ್ಲಿ ಒಬ್ಬರಾದ ಜಾನ್ ಲೆನನ್ ಹಾಡಿದ್ದು (ಉಳಿದವರು ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್). ಈ ಮಾತು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಈ ಮೂರು ಯಾಕೆ ಹೋದವು ಅಂತ ತಿಳಿಯಬೇಕಾದರೆ 1966ರ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಏನೇನಾಯಿತು ಅಂತ ದಿನಾಂಕ ಹಿಡಿದು ನೋಡಬೇಕು. ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಅಲ್ಲೇ ಇದೆ. ಹಾಗಾಗಿ ಎರಡನ್ನೂ ಸೇರಿಸಿಯೇ ಹೇಳುತ್ತೇನೆ.

ಮೊದಲು ಒಂದು ಚಿಕ್ಕ ತಿದ್ದುಪಡಿ. ಅವರು ಊರು ಸುತ್ತುತ್ತಾ ರೆಕಾರ್ಡ್ ಮಾಡಿದ್ದಲ್ಲ. ರೆಕಾರ್ಡಿಂಗ್ ಮುಗಿಸಿ ಆಮೇಲೆ ಸುತ್ತಲು ಹೊರಟರು. ಆದರೆ ಎರಡರ ನಡುವೆ ಒಂದು ದಿನ ಕೂಡ ಉಸಿರಾಡಲು ಬಿಡುವು ಸಿಗಲಿಲ್ಲ. ನೀವು ಓದಿದ ಕಡೆ ಎರಡೂ ಬೆರೆತು ಹೋಗಿರಬೇಕು.

1966ರ ಶುರುವಿನಲ್ಲಿ ಅವರು ಮೂರನೇ ಸಿನಿಮಾ ಮಾಡಬೇಕಿತ್ತು. ಆ ಯೋಜನೆ ಬಿದ್ದುಹೋಯಿತು. ಹಾಗಾಗಿ ವರ್ಷದ ಮೊದಲ ಮೂರು ತಿಂಗಳು ಹೆಚ್ಚುಕಡಿಮೆ ಖಾಲಿ. ಹೆಸರು ಬಂದ ಮೇಲೆ ಅಷ್ಟು ಉದ್ದದ ಬಿಡುವು ಅವರಿಗೆ ಸಿಕ್ಕಿದ್ದು ಅದೇ ಮೊದಲು. ಓದಿದರು, ಬೇರೆಯವರ ಸಂಗೀತ ಕೇಳಿದರು, ಮನೆಯಲ್ಲಿ ಟೇಪ್ ಯಂತ್ರ ಇಟ್ಟುಕೊಂಡು ಏನೇನೋ ಪ್ರಯೋಗ ಮಾಡಿದರು. ಏಪ್ರಿಲ್ 6ರಂದು ಲಂಡನ್ನಿನ ಆಬಿ ರೋಡ್‌ನಲ್ಲಿದ್ದ, ತಮ್ಮ ಬ್ರಿಟಿಷ್ ಪ್ಲೇಟು ಕಂಪನಿ ಇಎಂಐಯ ಸ್ಟುಡಿಯೋಗೆ ಬಂದಾಗ ಆ ಮೂರು ತಿಂಗಳ ಗಳಿಕೆಯೆಲ್ಲ ಕೈಯಲ್ಲಿತ್ತು. ಜೂನ್ 21ರ ರಾತ್ರಿಗೆ ಕೊನೆಯ ಹಾಡು ಮುಗಿಯಿತು. ಹನ್ನೊಂದು ವಾರ, 16 ಹಾಡು. ಹದಿನಾಲ್ಕು ಎಲ್‌ಪಿಗೆ, ಎರಡು ಬೇರೆಯಾಗಿ ಸಿಂಗಲ್ ಪ್ಲೇಟಿಗೆ, ಅಂದರೆ ಬದಿಗೊಂದು ಹಾಡಿರುವ ಚಿಕ್ಕ ಪ್ಲೇಟಿಗೆ.

ಹನ್ನೊಂದು ವಾರ ಅಂದರೆ ಇವತ್ತಿನ ಲೆಕ್ಕದಲ್ಲಿ ಏನೂ ಅಲ್ಲ. ಇದೇ ತಂಡ 1963ರ ಫೆಬ್ರವರಿ 11ರಂದು ಒಂದೇ ದಿನದಲ್ಲಿ ತನ್ನ ಮೊದಲ ಎಲ್‌ಪಿಗೆ ಹತ್ತು ಹಾಡು ರೆಕಾರ್ಡ್ ಮಾಡಿ ಮನೆಗೆ ಹೋಗಿತ್ತು. ಆ ಲೆಕ್ಕಕ್ಕೆ ಹನ್ನೊಂದು ವಾರ ತುಂಬಾ ಜಾಸ್ತಿ. ಮೂರು ವರ್ಷದಲ್ಲಿ ಸ್ಟುಡಿಯೋ ಅನ್ನುವುದರ ಅರ್ಥವೇ ಅವರಿಗೆ ಬದಲಾಗಿತ್ತು. ಮೊದಲು ವೇದಿಕೆ ಮೇಲೆ ನುಡಿಸಿದ್ದನ್ನು ಅಲ್ಲಿ ಹಿಡಿದಿಡುತ್ತಿದ್ದರು. ಈಗ ವೇದಿಕೆ ಮೇಲೆ ನುಡಿಸಲು ಬಾರದ್ದನ್ನು ಅಲ್ಲಿ ಕಟ್ಟುತ್ತಿದ್ದರು.

ಶುರು ಮಾಡಿದ್ದು ಯಾವ ಹಾಡಿನಿಂದ ಗೊತ್ತಾ? ನಿಮ್ಮ ಪ್ಲೇಟಿನ ಎರಡನೇ ಬದಿಯ ಕೊನೆಯ ಹಾಡಿನಿಂದ, 'ಟುಮಾರೋ ನೆವರ್ ನೋಸ್'. ಎಲ್ಲಕ್ಕಿಂತ ಕಷ್ಟದ್ದನ್ನೇ ಮೊದಲ ದಿನ ಕೈಗೆತ್ತಿಕೊಂಡರು. ಧ್ವನಿ ದಾಖಲಿಸುವ ಎಂಜಿನಿಯರ್ ಜೆಫ್ ಎಮೆರಿಕ್‌ಗೆ ಆಗ ಬರೀ 20 ವರ್ಷ. ಹಳೆಯ ಎಂಜಿನಿಯರ್ ನಾರ್ಮನ್ ಸ್ಮಿತ್‌ಗೆ ಬಡ್ತಿ ಸಿಕ್ಕಿ ಅವರು ನಿರ್ಮಾಪಕರಾಗಿ ಹೋಗಿದ್ದರು. ಈ ಹುಡುಗ ಆ ಜಾಗಕ್ಕೆ ಬಂದು ಮೊದಲ ದಿನ ಕೂತಾಗಲೇ ಲೆನನ್ ಬೇಡಿಕೆ ಇಟ್ಟರು: ತನ್ನ ದನಿ ಬೆಟ್ಟದ ತುದಿಯಿಂದ ದಲೈ ಲಾಮಾ ಮಂತ್ರ ಹೇಳಿದ ಹಾಗೆ ಕೇಳಿಸಬೇಕು. ಎಮೆರಿಕ್ ಏನು ಮಾಡಿದರು ಅಂದರೆ, ಹ್ಯಾಮಂಡ್ ಆರ್ಗನ್ನಿನ ಲೆಸ್ಲಿ ಸ್ಪೀಕರ್ ಇದೆಯಲ್ಲ, ಒಳಗೆ ತಿರುಗುವ ಭಾಗ ಇರುತ್ತೆ, ಅದರ ಮೂಲಕ ಲೆನನ್ ದನಿಯನ್ನು ಹಾಯಿಸಿ ಮತ್ತೆ ಮೈಕಿನಲ್ಲಿ ಹಿಡಿದರು. ಹಾಡಿನ ಉತ್ತರಾರ್ಧದಲ್ಲಿ ಆ ದನಿ ಕೇಳುತ್ತೆ. ರಿಂಗೋ ಸ್ಟಾರ್ ಅವರ ದೊಡ್ಡ ಡ್ರಮ್ಮಿನೊಳಗೆ ಉಣ್ಣೆಯ ಸ್ವೆಟರ್ ತುರುಕಿ, ಮೈಕನ್ನು ಸಂಸ್ಥೆಯ ನಿಯಮಕ್ಕಿಂತ ಎಷ್ಟೋ ಹತ್ತಿರಕ್ಕೆ ತಂದಿಟ್ಟರು. ಆ ಹಾಡಿನ ಡ್ರಮ್ ಅಷ್ಟು ತೂಕವಾಗಿ ಬೀಳುವುದು ಅದಕ್ಕೇ.

ಮರುದಿನ, ಏಪ್ರಿಲ್ 7ರಂದು ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಾಲ್ ಮೆಕಾರ್ಟ್ನಿ ಮನೆಯಲ್ಲಿ ಟೇಪಿನ ತುಂಡುಗಳ ಎರಡೂ ತುದಿ ಅಂಟಿಸಿ ಬಳೆಯ ಹಾಗೆ ಮಾಡಿದ್ದರು. ಅದನ್ನು ಯಂತ್ರಕ್ಕೆ ಹಾಕಿದರೆ ಒಂದೇ ಸದ್ದು ಸುತ್ತಿ ಸುತ್ತಿ ಬರುತ್ತೆ. ಹಾಡಿನಲ್ಲಿ ಕಡಲ ಹಕ್ಕಿ ಕೂಗಿದ ಹಾಗೆ ಕೇಳುತ್ತಲ್ಲ, ಅದು ಪಾಲ್ ನಕ್ಕ ಸದ್ದನ್ನು ವೇಗ ಹೆಚ್ಚಿಸಿ ಮಾಡಿದ್ದು. ಇಂಥ ಐದು ಬಳೆ. ಒಂದೊಂದಕ್ಕೂ ಒಂದೊಂದು ಯಂತ್ರ ಬೇಕು. ಕಟ್ಟಡದ ಬೇರೆ ಬೇರೆ ಕೋಣೆಗಳಲ್ಲಿದ್ದ ಯಂತ್ರಗಳನ್ನು ಒಂದೇ ಕಡೆಗೆ ಜೋಡಿಸಿದರು. ಬಿಳಿ ಕೋಟು ಹಾಕಿದ ತಂತ್ರಜ್ಞರು ಆ ಯಂತ್ರಗಳ ಮುಂದೆ ನಿಂತು, ಟೇಪಿನ ಬಳೆ ಸಡಿಲ ಆಗದ ಹಾಗೆ ಪೆನ್ಸಿಲ್ಲಿಗೆ ಸಿಕ್ಕಿಸಿ ಬಿಗಿಯಾಗಿ ಹಿಡಿದುಕೊಂಡರು. ಈಚೆ ಮುಖ್ಯ ಕೋಣೆಯಲ್ಲಿ ಒಬ್ಬೊಬ್ಬರೂ ಒಂದೊಂದು ಗುಂಡಿ ಹಿಡಿದು ಸದ್ದನ್ನು ಏರಿಸಿ ಇಳಿಸಿದರು. ಆ ಹೊತ್ತಿನಲ್ಲಿ ಏನು ಬಂತೋ ಅದೇ ಹಾಡು. ಹಾಗೇ ಇನ್ನೊಂದು ಸಲ ಮಾಡಿ ಅಂದರೆ ಅವರಿಂದಲೂ ಆಗುತ್ತಿರಲಿಲ್ಲ.

ಇದೇ ಹಾಡಿನ ತಳದಲ್ಲಿ ತಂಬೂರಿ ಇದೆ. ನುಡಿಸಿದ್ದು ಜಾರ್ಜ್ ಹ್ಯಾರಿಸನ್. ನಮ್ಮ ಕಿವಿಗೆ ತಂಬೂರಿ ಹೊಸದಲ್ಲ, ಶ್ರುತಿ ಹಿಡಿದು ಹಾಡುವುದು ನಮಗೆ ಸಹಜ. ಆದರೆ ಒಂದು ರಾಕ್ ಹಾಡು ಹೆಚ್ಚುಕಡಿಮೆ ಒಂದೇ ಆಧಾರ ಸ್ವರದ ಮೇಲೆ ನಿಂತು ಸಾಗುವುದು 1966ರ ಲಂಡನ್ನಿನಲ್ಲಿ ದೊಡ್ಡ ಮಾತು.

ತಂಬೂರಿ ಅಂದ ಮೇಲೆ ನಮ್ಮವರೊಬ್ಬರ ಹೆಸರು ಹೇಳಲೇಬೇಕು. ಅಯನ ದೇವ ಅಂಗಡಿ. ಉತ್ತರ ಕರ್ನಾಟಕದ ಜಕನೂರಿನಲ್ಲಿ ಹುಟ್ಟಿದವರು. ಲಂಡನ್ನಿಗೆ ಹೋಗಿ ಅಲ್ಲೇ ನೆಲೆ ನಿಂತು, ಹೆಂಡತಿ ಪೆಟ್ರೀಷಿಯಾ ಜೊತೆ ಏಷ್ಯನ್ ಮ್ಯೂಸಿಕ್ ಸರ್ಕಲ್ ಅನ್ನುವ ಸಂಸ್ಥೆ ಕಟ್ಟಿದರು. ಪಿಟೀಲು ವಾದಕ ಯೆಹೂದಿ ಮೆನುಹಿನ್ ಅದರ ಅಧ್ಯಕ್ಷರಾಗಿದ್ದರು. 1965ರ ಅಕ್ಟೋಬರಿನಲ್ಲಿ ರೆಕಾರ್ಡಿಂಗ್ ನಡುವೆ ಹ್ಯಾರಿಸನ್ ಸಿತಾರಿನ ತಂತಿ ಕಡಿದಾಗ, ಹೊಸ ತಂತಿಗೆ ಸ್ಟುಡಿಯೋದವರು ಫೋನ್ ಮಾಡಿದ್ದು ಈ ಅಂಗಡಿಯವರ ಮನೆಗೆ. ಅಲ್ಲಿಂದ ಪರಿಚಯ ಬೆಳೆಯಿತು. 1966ರ ಏಪ್ರಿಲ್‌ನಲ್ಲಿ ಹ್ಯಾರಿಸನ್ ತಮ್ಮ 'ಲವ್ ಯು ಟು' ಹಾಡಿಗೆ ತಬಲಾ ಬೇಕು ಅಂದಾಗ, ಅನಿಲ್ ಭಾಗವತ್ ಅನ್ನುವ ತಬಲಾ ವಾದಕರಿಗೆ ಫೋನ್ ಮಾಡಿ ಕರೆದವರೂ ಅಂಗಡಿಯವರೇ. ಇವತ್ತು ಸಂಜೆ ಬಿಡುವಿದೆಯಾ, ಜಾರ್ಜ್ ಜೊತೆ ನುಡಿಸಬೇಕು ಅಂತ ಕೇಳಿದರಂತೆ. ಯಾವ ಜಾರ್ಜ್ ಅಂತ ಹೇಳಲಿಲ್ಲ. ಕರೆದುಕೊಂಡು ಹೋಗಲು ರೋಲ್ಸ್ ರಾಯ್ಸ್ ಕಾರು ಬಂದು ನಿಂತಾಗಲೇ ಭಾಗವತರಿಗೆ ವಿಷಯ ಗೊತ್ತಾದದ್ದು. ಸ್ಟುಡಿಯೋದಲ್ಲಿ ಹದಿನಾರು ಮಾತ್ರೆಯ ತಾಳದಲ್ಲಿ ನುಡಿಸಿ, ನಡುವೆ ನಿಮ್ಮ ಮನೋಧರ್ಮಕ್ಕೆ ಬಿಟ್ಟಿದ್ದು ಅಂದರಂತೆ ಹ್ಯಾರಿಸನ್. ನಿಮ್ಮ ಪ್ಲೇಟಿನ ಕವರನ್ನು ಹಿಂದೆ ತಿರುಗಿಸಿ ನೋಡಿ. ಭಾಗವತರ ಹೆಸರು ಅಚ್ಚಾಗಿದೆ. ಜೊತೆಗೆ ನುಡಿಸಲು ಬಂದ ಹೊರಗಿನ ಕಲಾವಿದರ ಹೆಸರನ್ನು ಆಗ ಕವರಿನ ಮೇಲೆ ಹಾಕುತ್ತಿದ್ದದ್ದು ತೀರ ಕಡಿಮೆ. ಆ ವರ್ಷದ ಜೂನ್ ತಿಂಗಳಲ್ಲಿ ಹ್ಯಾರಿಸನ್ ಮತ್ತು ಪಂಡಿತ್ ರವಿಶಂಕರ್ ಮುಖಾಮುಖಿ ಭೇಟಿಯಾದದ್ದೂ ಅಂಗಡಿಯವರ ಮನೆಯಲ್ಲೇ. ಜಕನೂರಿನವರೊಬ್ಬರ ಮನೆಯ ಕೋಣೆಯಲ್ಲಿ ಇಷ್ಟೆಲ್ಲ ನಡೆದದ್ದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಗೊತ್ತಾಗಬೇಕು ಅಂತ ನನಗೆ ತುಂಬಾ ಆಸೆ.

ಏಪ್ರಿಲ್ ಒಂದರಲ್ಲೇ ಹತ್ತು ಹಾಡು ಶುರುವಾದವು. ತಿಂಗಳ ನಡುವೆ ಸಿಂಗಲ್ ಪ್ಲೇಟಿಗಾಗಿ 'ಪೇಪರ್‌ಬ್ಯಾಕ್ ರೈಟರ್' ಮತ್ತು 'ರೇನ್' ಮುಗಿಸಿದರು. ಮೊದಲನೆಯದರಲ್ಲಿ ಬೇಸ್ ಗಿಟಾರಿನ ಸದ್ದು ಸಾಲದು ಅಂತ ಪಾಲ್ ಹಟ ಹಿಡಿದಾಗ, ಒಂದು ದೊಡ್ಡ ಸ್ಪೀಕರನ್ನೇ ಮೈಕಿನ ಹಾಗೆ ತಿರುಗಿಸಿ ಬಳಸಿದರು. ಎರಡನೆಯದರಲ್ಲಿ ವಾದ್ಯಗಳನ್ನು ವೇಗವಾಗಿ ನುಡಿಸಿ ಟೇಪನ್ನು ನಿಧಾನಕ್ಕೆ ಓಡಿಸಿದರು. ಕೊನೆಯಲ್ಲಿ ಲೆನನ್ ದನಿಯನ್ನು ಹಿಂದುಮುಂದು ಮಾಡಿ ಸೇರಿಸಿದರು. ಈ ಸಿಂಗಲ್ ಅಮೆರಿಕದಲ್ಲಿ ಮೇ 30ಕ್ಕೆ, ಬ್ರಿಟನ್ನಿನಲ್ಲಿ ಜೂನ್ 10ಕ್ಕೆ ಅಂಗಡಿಗೆ ಬಂತು. ಅಂದರೆ ಒಂದು ಕಡೆ ಎಲ್‌ಪಿ ಇನ್ನೂ ಅರ್ಧ ಆಗಿದೆ, ಇನ್ನೊಂದು ಕಡೆ ಅದೇ ತಿಂಗಳುಗಳ ಕೆಲಸ ಮಾರಾಟಕ್ಕೂ ಹೋಗಿದೆ.

ಈಗ ನಿಮ್ಮ ಮೂರು ಹಾಡಿಗೆ ಬರೋಣ. 'ಡಾಕ್ಟರ್ ರಾಬರ್ಟ್' ಏಪ್ರಿಲ್ 17 ಮತ್ತು 19ರಂದು ಆಯಿತು. 'ಆಂಡ್ ಯುವರ್ ಬರ್ಡ್ ಕ್ಯಾನ್ ಸಿಂಗ್' ಏಪ್ರಿಲ್ 20ಕ್ಕೆ ಒಮ್ಮೆ ಮಾಡಿ, ಮನಸ್ಸಿಗೆ ಬರದೆ, 26ಕ್ಕೆ ಮೊದಲಿಂದ ಮತ್ತೆ ಮಾಡಿದರು. 'ಐಯಾಮ್ ಓನ್ಲಿ ಸ್ಲೀಪಿಂಗ್' ಏಪ್ರಿಲ್ 27ಕ್ಕೆ ಶುರುವಾಗಿ ಮೇ 6ಕ್ಕೆ ಮುಗಿಯಿತು.

ಈ ಕೊನೆಯ ಹಾಡಿನ ಗಿಟಾರು ಕೇಳಿದರೆ ಅರೆನಿದ್ದೆಯಲ್ಲಿ ಯಾರೋ ನೀರಿನೊಳಗಿಂದ ಮಾತಾಡಿದ ಹಾಗಿರುತ್ತೆ. ಅದು ಸುಮ್ನೆ ಟೇಪನ್ನು ಉಲ್ಟಾ ಹಾಕಿದ್ದಲ್ಲ. ಮೇ 5ರ ರಾತ್ರಿ ಹ್ಯಾರಿಸನ್ ತನಗೆ ಬೇಕಾದ ಸ್ವರಗಳ ಸಾಲನ್ನು ಮೊದಲು ಸರಿಯಾಗಿ ಹೊಂದಿಸಿಕೊಂಡರು. ಆಮೇಲೆ ಅದನ್ನೇ ಕೊನೆಯಿಂದ ಮೊದಲಿಗೆ ಬರೆದುಕೊಂಡು, ಹಾಡಿನ ಟೇಪು ಹಿಂದಕ್ಕೆ ಓಡುತ್ತಿರುವಾಗ ಹಾಗೇ ನುಡಿಸಿದರು. ಟೇಪನ್ನು ಮತ್ತೆ ಮುಂದಕ್ಕೆ ಓಡಿಸಿದಾಗ ಸ್ವರಗಳು ಸರಿಯಾದ ಸಾಲಿನಲ್ಲೇ ಬರುತ್ತವೆ, ಆದರೆ ಒಂದೊಂದು ಸ್ವರವೂ ಬಾಲದಿಂದ ಶುರುವಾಗಿ ತಲೆಯಲ್ಲಿ ಮುಗಿಯುತ್ತೆ. ಇಂಥ ಎರಡು ಗಿಟಾರು ಒಂದರ ಮೇಲೊಂದು ಕೂತಿವೆ. ರಾತ್ರಿ ಶುರು ಮಾಡಿದವರು ಎದ್ದಾಗ ಬೆಳಗಿನ ಜಾವ ಮೂರು ಗಂಟೆ. ಕೆಲವೇ ಕ್ಷಣದ ಗಿಟಾರಿಗೆ ಒಂದು ಪೂರ್ತಿ ರಾತ್ರಿ. ನಿಮ್ಮ ಪ್ಲೇಟಿನಲ್ಲಿ ಅದೇ ಇಲ್ಲ ಅನ್ನುವುದು ನನಗೆ ಹೊಟ್ಟೆ ಉರಿಯುವ ಸಂಗತಿ.

ಆಗ ಅಮೆರಿಕದಲ್ಲಿ ಪ್ಲೇಟಿನ ವ್ಯಾಪಾರದ ಲೆಕ್ಕವೇ ಬೇರೆ ಇತ್ತು. ಅಲ್ಲಿನ ಕಾನೂನಿನಲ್ಲಿ ಹಾಡು ಬರೆದವರ ಪಾಲು ಹಾಡೊಂದಕ್ಕೆ 2 ಸೆಂಟ್. ಪ್ಲೇಟಿನಲ್ಲಿ ಹಾಡು ಹೆಚ್ಚಿದಷ್ಟೂ ಕಂಪನಿ ಕೊಡಬೇಕಾದ ದುಡ್ಡು ಹೆಚ್ಚು. 14 ಹಾಡಿಗೆ 28 ಸೆಂಟ್, 11ಕ್ಕೆ 22 ಸೆಂಟ್. ಒಂದು ಪ್ಲೇಟಿಗೆ 6 ಸೆಂಟ್ ಉಳಿತಾಯ, ಲಕ್ಷಗಟ್ಟಲೆ ಪ್ಲೇಟಿಗೆ ಎಷ್ಟಾಯಿತು ನೋಡಿ. ಬ್ರಿಟನ್ನಿನಲ್ಲಿ ಹಾಗಲ್ಲ. ಮಾರಾಟದ ಬೆಲೆಯಲ್ಲಿ ಇಂತಿಷ್ಟು ಪಾಲು ಅಂತ ಇತ್ತು, ಅದನ್ನೇ ಎಲ್ಲ ಹಾಡಿಗೂ ಹಂಚುವುದು. ಹಾಡು 11 ಇದ್ದರೂ 14 ಇದ್ದರೂ ಕಂಪನಿಗೆ ಖರ್ಚು ಒಂದೇ. ಇನ್ನೊಂದು ವ್ಯತ್ಯಾಸ ಏನಂದರೆ, ಸಿಂಗಲ್ ಆಗಿ ಬಂದ ಹಾಡನ್ನು ಮತ್ತೆ ಎಲ್‌ಪಿಗೆ ಹಾಕಬಾರದು, ಒಂದೇ ಹಾಡಿಗೆ ಜನ ಎರಡು ಸಲ ದುಡ್ಡು ಕೊಡುವ ಹಾಗೆ ಆಗಬಾರದು ಅನ್ನುವುದು ಲಂಡನ್ ಕಡೆಯ ರೂಢಿ. ಅಮೆರಿಕದ ಅಂಗಡಿಯವರಿಗೆ ಎಲ್‌ಪಿಯಲ್ಲಿ ಜನಪ್ರಿಯ ಸಿಂಗಲ್ ಇರಲೇಬೇಕು.

ಹಾಗಾಗಿ ಕ್ಯಾಪಿಟಲ್‌ನವರು ಪ್ರತಿ ಬ್ರಿಟಿಷ್ ಎಲ್‌ಪಿಯಿಂದ ಒಂದಷ್ಟು ಹಾಡು ತೆಗೆದು ಪಕ್ಕಕ್ಕೆ ಇಡುತ್ತಿದ್ದರು. ಹೀಗೆ ಉಳಿದ ಹಾಡು, ಸಿಂಗಲ್ ಹಾಡು ಎಲ್ಲ ಸೇರಿಸಿ ಇನ್ನೊಂದು ಎಲ್‌ಪಿ ಮಾಡಿ ಮಾರುತ್ತಿದ್ದರು. 1966ರ ಜೂನ್‌ಗೆ ಅಂಥದ್ದೊಂದು ತಯಾರಾಗುತ್ತಿತ್ತು, ಹೆಸರು 'ಯೆಸ್ಟರ್‌ಡೇ ಆಂಡ್ ಟುಡೇ'. ಹಿಂದಿನ ಎರಡು ಎಲ್‌ಪಿಯಿಂದ ಉಳಿದ ಆರು ಹಾಡು, ಸಿಂಗಲ್ಲಿನ ಎರಡು, ಒಟ್ಟು ಎಂಟು. ಇನ್ನೂ ಮೂರು ಬೇಕು. ಲಂಡನ್ನಿಗೆ ಕೇಳಿ ಕಳಿಸಿದರು. ಮೇ ತಿಂಗಳ ನಡುವೆ ಆಬಿ ರೋಡ್‌ನಲ್ಲಿ ಮುಗಿದಿದ್ದ ಹಾಡುಗಳಲ್ಲಿ ಮೂರನ್ನು ಅಮೆರಿಕಕ್ಕೆಂದೇ ಮಿಶ್ರಣ ಮಾಡಿ (ಬೇರೆ ಬೇರೆಯಾಗಿ ಹಿಡಿದ ಸದ್ದುಗಳನ್ನು ಹದವಾಗಿ ಒಂದಾಗಿಸಿ) ಕಳಿಸಿಕೊಟ್ಟರು. ಅವೇ ಈ ಮೂರು.

ಆಗ 'ರಿವಾಲ್ವರ್' ಅನ್ನುವ ಹೆಸರೇ ಇರಲಿಲ್ಲ. ನೀವು ಕೇಳುವ 11ರಲ್ಲಿ ಐದು ಹಾಡು ಶುರುವೇ ಆಗಿರಲಿಲ್ಲ. 'ಯೆಲ್ಲೋ ಸಬ್‌ಮರೀನ್', 'ಐ ವಾಂಟ್ ಟು ಟೆಲ್ ಯು', 'ಗುಡ್ ಡೇ ಸನ್‌ಶೈನ್', 'ಹಿಯರ್, ದೇರ್ ಆಂಡ್ ಎವ್ರಿವೇರ್', 'ಶೀ ಸೆಡ್ ಶೀ ಸೆಡ್' ಎಲ್ಲ ಆಮೇಲೆ ಬಂದವು. ಯಾರೋ ಕೂತು ಲೆನನ್ ಹಾಡನ್ನೇ ಹುಡುಕಿ ತೆಗೆದರು ಅಂತ ನನಗೆ ಅನಿಸುವುದಿಲ್ಲ. ಆ ಹೊತ್ತಿಗೆ ಯಾವುದು ಕೈಗೆ ಸಿಕ್ಕಿತೋ ಅದು ಹೋಯಿತು. ಲೆನನ್ ತನ್ನ ಹಾಡುಗಳನ್ನು ಬೇಗ ಮುಗಿಸಿದ್ದೇ ಆ ಹಾಡುಗಳಿಗೆ ಮುಳುವಾಯಿತು.

ಪರಿಣಾಮ ಮಾತ್ರ ದೊಡ್ಡದು. ಲಂಡನ್ ಪ್ಲೇಟಿನಲ್ಲಿ ಲೆನನ್ ಮುಖ್ಯವಾಗಿ ಹಾಡಿದ್ದು ಐದು, ಮೆಕಾರ್ಟ್ನಿ ಐದು, ಹ್ಯಾರಿಸನ್ ಮೂರು, ರಿಂಗೋ ಒಂದು. ನಿಮ್ಮ ಪ್ಲೇಟಿನಲ್ಲಿ ಲೆನನ್ ಎರಡೇ. ಅದೂ ಒಂದೊಂದು ಬದಿಯ ಕಟ್ಟಕಡೆಗೆ ಒಂದೊಂದು. ಮೂರು ಹಾಡಿದ ಹ್ಯಾರಿಸನ್‌ಗಿಂತಲೂ ಲೆನನ್ ಹಿಂದೆ ಬಿದ್ದರು. ಎರಡು ದಶಕ ಅಮೆರಿಕದ ಕೇಳುಗರು 'ರಿವಾಲ್ವರ್' ಅಂದರೆ ಇದೇ ಅಂದುಕೊಂಡು ಬೆಳೆದರು. ಲೆನನ್ ಆ ವರ್ಷ ಹಿಂದೆ ಸರಿದಿದ್ದರು, ಪಾಲ್ ಕೈ ಮೇಲಾಗಿತ್ತು ಅಂತ ಯಾರಾದರೂ ಅಂದರೆ, ಅವರ ಮನೆಯಲ್ಲಿದ್ದದ್ದು ಯಾವ ಪ್ಲೇಟು ಅಂತ ನಾನು ಮೊದಲು ಕೇಳುತ್ತೇನೆ.

'ಯೆಸ್ಟರ್‌ಡೇ ಆಂಡ್ ಟುಡೇ' ಕವರಿನ ಗಲಾಟೆ ನೀವು ಕೇಳಿರಬಹುದು. ನಾಲ್ವರೂ ಬಿಳಿ ಕೋಟು ಹಾಕಿ, ಮಾಂಸದ ತುಂಡು ಮತ್ತು ಮುರಿದ ಬೊಂಬೆಗಳ ಜೊತೆ ಕೂತ ಫೋಟೋ ಅದು. ತೆಗೆದವರು ರಾಬರ್ಟ್ ವಿಟೇಕರ್. ಅಂಗಡಿಯವರು ಬೆಚ್ಚಿಬಿದ್ದರು. ಕಂಪನಿ ಪ್ಲೇಟುಗಳನ್ನು ವಾಪಸ್ ಕರೆಸಿಕೊಂಡು, ಪೆಟ್ಟಿಗೆಯ ಪಕ್ಕ ನಿಂತ ಸಪ್ಪೆ ಫೋಟೋವೊಂದನ್ನು ಅದರ ಮೇಲೆ ಅಂಟಿಸಿ ಮತ್ತೆ ಕಳಿಸಿತು. ಮೇಲಿನ ಕಾಗದ ಹುಷಾರಾಗಿ ಬಿಡಿಸಿದರೆ ಕೆಳಗೆ ಹಳೆಯ ಚಿತ್ರ ಸಿಗುತ್ತೆ ಅಂತ ಸಂಗ್ರಹ ಮಾಡುವವರು ಇವತ್ತಿಗೂ ಹುಡುಕುತ್ತಾರೆ. ಕೊನೆಗೆ ಜೂನ್ 20ಕ್ಕೆ ಅದು ಮಾರಾಟಕ್ಕೆ ಬಂತು.

ಈ ದಿನಾಂಕ ಗಮನಿಸಿ. ಜೂನ್ 20. ಮರುದಿನ ಜೂನ್ 21ರ ಸಂಜೆ ಲಂಡನ್ನಿನಲ್ಲಿ ಇನ್ನೂ ಒಂದು ಹಾಡು ಕಡಿಮೆ ಬಿದ್ದಿತ್ತು. ಎರಡು ದಿನ ಕಳೆದರೆ ಜರ್ಮನಿಗೆ ವಿಮಾನ ಹತ್ತಬೇಕು. ಆ ಸಂಜೆ 'ಶೀ ಸೆಡ್ ಶೀ ಸೆಡ್' ಕೈಗೆತ್ತಿಕೊಂಡು, ಅಭ್ಯಾಸ ಮಾಡಿ, ರೆಕಾರ್ಡ್ ಮಾಡಿ, ಒಂಬತ್ತು ಗಂಟೆ ಸತತ ಕೆಲಸ ಮಾಡಿ ಬೆಳಗಿನ ಜಾವ ಎದ್ದರು. ನಡುವೆ ಏನೋ ಮಾತಿಗೆ ಮಾತು ಬೆಳೆದು ತಾನು ಎದ್ದು ಹೋದ ನೆನಪು, ಬೇಸ್ ಗಿಟಾರು ಜಾರ್ಜ್ ನುಡಿಸಿರಬೇಕು ಅಂತ ಪಾಲ್ ಮುಂದೆ ಹೇಳಿದ್ದಾರೆ. ನಿಮ್ಮ ಪ್ಲೇಟಿನ ಮೊದಲ ಬದಿಯ ಕೊನೆಯ ಹಾಡು ಇದು. ಎಲ್‌ಪಿಯ ಹದಿನಾಲ್ಕನೇ ಹಾಡು ಹುಟ್ಟುವ ಮೊದಲೇ ಮೂರು ಹಾಡು ಅಮೆರಿಕದ ಅಂಗಡಿಯಲ್ಲಿ ಮಾರಾಟಕ್ಕಿದ್ದವು. ಬ್ರಿಟನ್ನಿನ ಜನಕ್ಕೆ ಅವು ಎಲ್‌ಪಿಯಲ್ಲಿ ಸಿಕ್ಕಿದ್ದು 46 ದಿನ ಕಳೆದ ಮೇಲೆ.

ನಡುವಿನ ಕೆಲಸಗಳನ್ನು ಎಲ್ಲ ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಎರಡು ಮಾತ್ರ. 'ಎಲಿನಾರ್ ರಿಗ್ಬಿ'ಯಲ್ಲಿ ನಾಲ್ವರಲ್ಲಿ ಒಬ್ಬರೂ ವಾದ್ಯ ಮುಟ್ಟಿಲ್ಲ. ನಿರ್ಮಾಪಕ ಜಾರ್ಜ್ ಮಾರ್ಟಿನ್ ಬರೆದುಕೊಟ್ಟದ್ದನ್ನು ನಾಲ್ಕು ವಯಲಿನ್, ಎರಡು ವಿಯೋಲ, ಎರಡು ಚೆಲ್ಲೋ ನುಡಿಸಿದವು. ಮೈಕುಗಳನ್ನು ತಂತಿಗೆ ಎಷ್ಟು ಹತ್ತಿರ ಇಟ್ಟಿದ್ದರು ಅಂದರೆ, ಕಲಾವಿದರು ಮುಜುಗರಪಟ್ಟು ಕುರ್ಚಿ ಹಿಂದಕ್ಕೆ ಸರಿಸುತ್ತಿದ್ದರಂತೆ. ಬಿಲ್ಲು ತಂತಿಯನ್ನು ಕಚ್ಚುವ ಸದ್ದು ಹಾಡಿನಲ್ಲಿ ಹಾಗೇ ಕೇಳುತ್ತೆ. ಇನ್ನು 'ಯೆಲ್ಲೋ ಸಬ್‌ಮರೀನ್'. ಜೂನ್ 1ರ ರಾತ್ರಿ ಸ್ಟುಡಿಯೋದ ಬೀರುವಿನಲ್ಲಿದ್ದ ಸದ್ದು ಮಾಡುವ ಸಾಮಾನೆಲ್ಲ ಹೊರಗೆ ಬಂದವು. ನೀರು ತುಂಬಿದ ತೊಟ್ಟಿಯಲ್ಲಿ ಸರಪಳಿ ಎಳೆದರು, ಲೆನನ್ ನೀರಿಗೆ ಕೊಳವೆ ಹಾಕಿ ಗುಳುಗುಳು ಊದಿದರು. ರೋಲಿಂಗ್ ಸ್ಟೋನ್ಸ್ ತಂಡದ ಬ್ರಯನ್ ಜೋನ್ಸ್ ಕೂಡ ಬಂದು ಗ್ಲಾಸು ಕುಟ್ಟಿದರು. ಮಕ್ಕಳಿಗೆ ಮೊದಲು ಈ ಹಾಡು ಕೇಳಿಸಿ.

ಜೂನ್ 22ಕ್ಕೆ ಕೊನೆಯ ಮಿಶ್ರಣ. 23ಕ್ಕೆ ಮ್ಯೂನಿಕ್. ಆಮೇಲೆ ಎಸ್ಸೆನ್, ಹ್ಯಾಂಬರ್ಗ್. ಅಲ್ಲಿಂದ ಟೋಕಿಯೋಗೆ ಹೊರಟ ವಿಮಾನ ಚಂಡಮಾರುತದಿಂದ ಅಲಾಸ್ಕದಲ್ಲಿ ಇಳಿಯಬೇಕಾಯಿತು. ಬುಡೋಕಾನ್ ಸಭಾಂಗಣದಲ್ಲಿ ಮೂರು ದಿನ ಐದು ಕಾರ್ಯಕ್ರಮ. ಜುಲೈ 4ಕ್ಕೆ ಮನಿಲಾದಲ್ಲಿ ಎರಡು. ಅಲ್ಲಿ ಅಧ್ಯಕ್ಷರ ಪತ್ನಿ ಇಮೆಲ್ಡಾ ಮಾರ್ಕೋಸ್ ಕರೆದಿದ್ದ ಸಮಾರಂಭಕ್ಕೆ ಹೋಗಲಿಲ್ಲ ಅಂತ ಇಡೀ ಊರು ತಿರುಗಿಬಿತ್ತು. ವಿಮಾನ ನಿಲ್ದಾಣದಲ್ಲಿ ತಳ್ಳಾಟ, ಗುದ್ದಾಟ. ಅಲ್ಲಿಂದ ತಪ್ಪಿಸಿಕೊಂಡು ಬಂದಿಳಿದದ್ದು ದೆಹಲಿಗೆ. ಕನಾಟ್ ಪ್ಲೇಸಿನ ರಿಖಿರಾಮ್ ವಾದ್ಯದ ಅಂಗಡಿಯಲ್ಲಿ ಹ್ಯಾರಿಸನ್ ಸಿತಾರ್ ಕೊಂಡದ್ದು ಆಗಲೇ. ಎಲ್‌ಪಿಗೆ ಹೆಸರು ಖಚಿತವಾದದ್ದೂ ಈ ಸುತ್ತಾಟದ ನಡುವೆ. 'ರಿವಾಲ್ವರ್' ಅಂದರೆ ಇಲ್ಲಿ ಪಿಸ್ತೂಲಲ್ಲ, ತಿರುಗುವ ಪ್ಲೇಟು.

ಆಗಸ್ಟ್ 5ಕ್ಕೆ ಬ್ರಿಟನ್ನಿನಲ್ಲಿ, 8ಕ್ಕೆ ಅಮೆರಿಕದಲ್ಲಿ ಅದು ಹೊರಬಂತು. ಹ್ಯಾಂಬರ್ಗಿನ ದಿನಗಳ ಗೆಳೆಯ ಕ್ಲಾಸ್ ಫೋರ್ಮನ್ ಕಪ್ಪು ಬಿಳುಪಿನಲ್ಲಿ ಬರೆದ ಕವರು, ಕೂದಲ ನಡುವೆ ಚಿಕ್ಕ ಚಿಕ್ಕ ಫೋಟೋ. ಅದಕ್ಕೆ ಮುಂದೆ ಗ್ರ್ಯಾಮಿ ಪ್ರಶಸ್ತಿ ಬಂತು. 12ಕ್ಕೆ ಷಿಕಾಗೋದಿಂದ ಅಮೆರಿಕ ಪ್ರವಾಸ ಶುರು. ಅಷ್ಟರಲ್ಲಿ ಲೆನನ್ ಮಾರ್ಚ್‌ನಲ್ಲಿ ಲಂಡನ್ ಪತ್ರಿಕೆಯೊಂದಕ್ಕೆ ಹೇಳಿದ್ದ, ನಾವು ಏಸುವಿಗಿಂತ ಜನಪ್ರಿಯ ಅನ್ನುವ ಮಾತು ಅಲ್ಲಿ ಹೊತ್ತಿಕೊಂಡು ಉರಿಯುತ್ತಿತ್ತು. ಅವರ ಪ್ಲೇಟುಗಳನ್ನು ರಾಶಿ ಹಾಕಿ ಸುಟ್ಟರು. ಲೆನನ್ ಷಿಕಾಗೋದಲ್ಲಿ ಪತ್ರಕರ್ತರ ಮುಂದೆ ಕೂತು ವಿವರಣೆ ಕೊಡಬೇಕಾಯಿತು. ಆಗಸ್ಟ್ 29ಕ್ಕೆ ಸ್ಯಾನ್‌ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ ಅರ್ಧ ಗಂಟೆ ಚಿಲ್ಲರೆ, 11 ಹಾಡು ಹಾಡಿ ಇಳಿದರು. ಟಿಕೆಟ್ ಕೊಟ್ಟು ಬಂದ ಜನರ ಮುಂದೆ ಅವರು ನಿಂತದ್ದು ಅದೇ ಕೊನೆ.

ಈ ಪ್ರವಾಸದಲ್ಲಿ ಅವರು 'ರಿವಾಲ್ವರ್'ನ ಒಂದೇ ಒಂದು ಹಾಡನ್ನೂ ಹಾಡಲಿಲ್ಲ. ಹೊಸ ಕೆಲಸದಲ್ಲಿ 'ಪೇಪರ್‌ಬ್ಯಾಕ್ ರೈಟರ್' ಮಾತ್ರ. ಪೆನ್ಸಿಲ್ಲಿಗೆ ಸಿಕ್ಕಿಸಿದ ಟೇಪನ್ನು, ಹಿಂದುಮುಂದಾದ ಗಿಟಾರನ್ನು, ಎಂಟು ಜನ ತಂತಿವಾದ್ಯದವರನ್ನು ಮೈದಾನದ ಗದ್ದಲಕ್ಕೆ ತರುವುದು ಹೇಗೆ? ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇದು. ಒಂದೇ ಬೇಸಿಗೆಯಲ್ಲಿ ಎರಡು ಬೇರೆ ತಂಡಗಳಿದ್ದ ಹಾಗೆ. ಏಪ್ರಿಲ್‌ನಿಂದ ಜೂನ್‌ವರೆಗೆ ಕೋಣೆಯೊಳಗೆ ಕೂತ ತಂಡ, ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಹಳೆಯ ಹಾಡು ಹಾಡಿ ದಣಿದ ತಂಡ. ಎರಡರಲ್ಲಿ ಒಂದನ್ನು ಬಿಡಲೇಬೇಕಿತ್ತು, ಊರು ಸುತ್ತುವುದನ್ನು ಬಿಟ್ಟರು.

ಮುಂದಿನ ವರ್ಷದ 'ಸಾರ್ಜೆಂಟ್ ಪೆಪ್ಪರ್'ನಿಂದ ಕ್ಯಾಪಿಟಲ್‌ನವರು ಹಾಡು ಕತ್ತರಿಸುವುದನ್ನು ನಿಲ್ಲಿಸಿದರು. ಆದರೆ ಹಳೆಯವನ್ನು ಸರಿಪಡಿಸಲಿಲ್ಲ. 1987ರಲ್ಲಿ ಸಿಡಿ ಬಂದಾಗ ಎಲ್ಲ ಕಡೆಗೂ 14 ಹಾಡಿನದ್ದೇ ಒಂದು ಅಂತ ಆಯಿತು. ನಿಮ್ಮ ಫೋನಿನಲ್ಲಿ ಬರುವುದು ಅದರ ಸಂತತಿ. ಅಂದ ಹಾಗೆ, ಕೋಲ್ಕತ್ತದ ದಮ್‌ದಮ್ ಕಾರ್ಖಾನೆಯಲ್ಲಿ ಗ್ರಾಮಫೋನ್ ಕಂಪನಿ ಆಫ್ ಇಂಡಿಯಾದವರು ಒತ್ತಿದ ಪ್ಲೇಟುಗಳು ಲಂಡನ್ ಮಾದರಿಯವು. ನನ್ನ ಹತ್ತಿರ ಇರುವುದು ಅಂಥದ್ದು, ಬೆಂಗಳೂರಿನ ಸಂಡೇ ಬಜಾರಿನಲ್ಲಿ ಸಿಕ್ಕಿದ್ದು. ಗೀರು ಜಾಸ್ತಿ, ಆದರೆ ಹಾಡು 14.

ನಿಮ್ಮದನ್ನು ಮಾರಬೇಡಿ, ಬದಲಾಯಿಸಲೂ ಬೇಡಿ. ಒಂದು ಸಲ ಹೀಗೆ ಕೇಳಿ ನೋಡಿ. ಫೋನಿನಲ್ಲಿ ಆ ಮೂರು ಹಾಡು ತೆಗೆದಿಟ್ಟುಕೊಳ್ಳಿ. ಮೊದಲ ಬದಿಯಲ್ಲಿ 'ಎಲಿನಾರ್ ರಿಗ್ಬಿ' ಮುಗಿದ ಕೂಡಲೇ ಮುಳ್ಳು ಎತ್ತಿ, 'ಐಯಾಮ್ ಓನ್ಲಿ ಸ್ಲೀಪಿಂಗ್' ಹಾಕಿ. ಪಿಟೀಲಿನ ಗಡುಸು ಸದ್ದಿನಿಂದ ಆ ತೂಕಡಿಕೆಗೆ, ಅಲ್ಲಿಂದ 'ಲವ್ ಯು ಟು'ವಿನ ಸಿತಾರಿಗೆ ಇಳಿಯುವುದು ಹೇಗಿದೆ ಅಂತ ಗಮನಿಸಿ. ಎರಡನೇ ಬದಿಯಲ್ಲಿ ಮೊದಲ ಹಾಡು ಆದ ಮೇಲೆ 'ಆಂಡ್ ಯುವರ್ ಬರ್ಡ್ ಕ್ಯಾನ್ ಸಿಂಗ್'. 'ಫಾರ್ ನೋ ಒನ್' ಆದ ಮೇಲೆ 'ಡಾಕ್ಟರ್ ರಾಬರ್ಟ್'. ಮುಳ್ಳು ಇಳಿಸುವಾಗ ಮಾತ್ರ ಕೈ ಮೆತ್ತಗಿರಲಿ. ನಿಮ್ಮ ಮಾವ ಇದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.